ಕೋಂ

ಫಾರ್ಮಿನಲ್ಲಿ ಅವಳ ಹೆಸರಿನ ಪಕ್ಕ
ಮೊದಲೇ ಅಚ್ಚಾಗಿತ್ತು: ಕೋಂ,
ಆಮೇಲೊಂದು ಖಾಲಿ ಗೆರೆ.
ಗೆರೆಯ ಮೇಲೆ ಗಂಡ ಬಂದು ಕೂರಬೇಕು.

ಹಿಂದಿ ಬರುತ್ತದೆಂದು ನನ್ನನ್ನು ಕರೆಸಿದ್ದರು ಮಹಿಳಾ ಠಾಣೆಗೆ.
ಇಪ್ಪತ್ತೆರಡು ವರ್ಷ ವಿನೋಬನಗರದ ಮಕ್ಕಳಿಗೆ
ಪ್ರಥಮಾ, ಮಧ್ಯಮಾ, ರಾಷ್ಟ್ರಭಾಷಾ ಕಟ್ಟಿಸಿದವಳು ನಾನು.
ಹಿಂದಿಯಲ್ಲಿ ಗೋಡೆ ಹೆಣ್ಣು, ಬಾಗಿಲು ಗಂಡು.
ಯಾಕೆ ಮಿಸ್, ಎಂದರೆ
ಯಾಕೆ ಅಂತ ಇಲ್ಲ, ಬಾಯಿಪಾಠ ಮಾಡು
ಎಂದು ಹೇಳಿಕೊಟ್ಟವಳು.

ಅವಳು ಧನಸರಾ. ನೇಪಾಳದ ಅಛಾಮಿನವಳು.
ಪೊಲೀಸ್ ಚೌಕಿಯ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ
ಮೆಟ್ಟಿಲ ಕೆಳಗಿನ ಕೋಣೆ ಅವಳ ಶಿವಮೊಗ್ಗ.
ಎಡಗಣ್ಣು ಬಾತು ಮುಚ್ಚಿತ್ತು.
ಮೆಗ್ಗಾನ್ ಆಸ್ಪತ್ರೆಯ ಚೀಟಿ ಸುರುಳಿ ಸುತ್ತಿ
ಬಳೆಗಳ ಸಂದಿಗೆ ಸಿಕ್ಕಿಸಿಕೊಂಡಿದ್ದಳು.

ಗಂಡನ ಹೆಸರು?
ಮಗುವಿನ ಅಪ್ಪ, ಅಂದಳು.
ಅದು ಗೊತ್ತಮ್ಮ, ಹೆಸರು?
ನೆಲ ನೋಡಿದಳು. ಹೇಳಿದರೆ ಅವನ ಆಯಸ್ಸು ಸವೆಯುತ್ತದಂತೆ.

ರೈಟರಮ್ಮ ಪೆನ್ನು ಕೆಳಗಿಟ್ಟರು. ನನಗೆ ನಗು ಬರಲಿಲ್ಲ.
ಜನಗಣತಿಯವರು ಬಂದಾಗ ನಮ್ಮಮ್ಮ ಕದದ ಹಿಂದೆ ನಿಂತು
ನೀನೇ ಹೇಳೇ, ಎಂದು ನನ್ನ ಬೆನ್ನು ತಳ್ಳಿದ್ದಳು.
ಆರು ವರ್ಷದವಳು ನಾನು
ಅಪ್ಪನ ಹೆಸರನ್ನು ಕಲ್ಲು ಬೀರಿದ ಹಾಗೆ ಕೂಗಿದ್ದೆ.

ನೋಡಿ ಮೇಡಂ, ಅಂದರು ರೈಟರಮ್ಮ,
ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ,
ಇದನ್ನೊಂದು ಅವಳಿಗೆ ಹೇಳಿಬಿಡಿ, ಮನೆಗೆ ಹೋಗಲಿ.
ನಾನು ಹಿಂದಿಯಲ್ಲಿ ತಡಕಾಡಿದೆ.
ಊಟವಾಯಿತು, ಹಾಸಿಗೆಯಾಯಿತು, ಪ್ರಾಸ ಸಿಗಲಿಲ್ಲ.
ಅರ್ಧಕ್ಕೇ ತಲೆಯಾಡಿಸಿದಳು ಅವಳು:
ನಮ್ಮಲ್ಲೂ ಇದೆ ದೀದಿ,
ಗಂಡ ಹೆಂಡಿರ ಜಗಳ ಹುಲ್ಲಿನ ಬೆಂಕಿ.

ಎರಡು ದಿನ ಬಸ್ಸು, ಮೂರು ದಿನ ರೈಲು,
ಮಡಿಲಲ್ಲಿ ಮೊಲೆ ಬಿಡದ ಕೂಸು.
ಗಾದೆ ಮಾತ್ರ ಟಿಕೆಟಿಲ್ಲದೆ
ಅವಳಿಗಿಂತ ಮೊದಲೇ ಬಂದು ಇಲ್ಲಿ ಕುರ್ಚಿ ಹಿಡಿದಿತ್ತು.

ಆಮೇಲೆ ಅವಳೇ ಅಂದಳು, ತನ್ನಷ್ಟಕ್ಕೆ ಎಂಬಂತೆ:
ಬೆಂಕಿ ಬೇಗ ಆರುತ್ತೆ ದೀದಿ.
ಹುಲ್ಲು ಹೋಯಿತಲ್ಲ,
ಚಳಿಗಾಲಕ್ಕೆ ಹಸುವಿಗೆ ಏನು ಹಾಕೋದು?

ಇದನ್ನು ಕನ್ನಡಕ್ಕೆ ತರಲು ನನಗೆ ತುಸು ಹೊತ್ತು ಹಿಡಿಯಿತು.
ರೈಟರಮ್ಮ ಏನೂ ಅನ್ನದೆ ಪೆನ್ನು ಎತ್ತಿಕೊಂಡರು.
ಏನಲ್ಲಿ ಹೊಡೆದ?
ದೊಣ್ಣೆಯಲ್ಲಿ. ರಾತ್ರಿ ಗಸ್ತಿನದು.

ನನಗೆ ಗೊತ್ತು ಆ ದೊಣ್ಣೆ.
ರಾತ್ರಿ ಎರಡಕ್ಕೆ ನಮ್ಮ ಬೀದಿಯ ಕಂಬಕ್ಕೆ ಟಣ್ ಟಣ್,
ಆಮೇಲೊಂದು ಸೀಟಿ.
ಅರೆನಿದ್ದೆಯಲ್ಲಿ ಕೇಳಿಸಿಕೊಂಡು, ಸದ್ಯ, ಕಾಯುವವನಿದ್ದಾನೆ ಎಂದು
ಮಗ್ಗುಲು ಬದಲಿಸುತ್ತಿದ್ದೆ.
ತಿಂಗಳ ಐದಕ್ಕೆ ಗೇಟಿನಲ್ಲಿ ನಿಂತು ಐವತ್ತು ರೂಪಾಯಿ
ಈ ಕೈಯಲ್ಲೇ ಕೊಟ್ಟಿದ್ದೇನೆ.

ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿ
ಹೇಳಿದಳು: ಗಗನ್ ಸಿಂಗ್ ಬೋಹರಾ.
ಹೇಳಿ ಕಣ್ಣು ಮುಚ್ಚಿ ಕಾದಳು.
ಫ್ಯಾನು ತಿರುಗುತ್ತಲೇ ಇತ್ತು.
ಹೊರಗೆ ಯಾರೋ ಬೈಕಿಗೆ ಕಿಕ್ ಹೊಡೆದರು.
ಕೂಸು ಆಕಳಿಸಿತು.

ಕೆಳಗೆ, ಭಾಷಾಂತರಿಸಿದವರು ಎಂಬಲ್ಲಿ
ನನ್ನ ಹೆಸರು, ಮತ್ತೆ ಕೋಂ.
ಹನ್ನೊಂದು ವರ್ಷವಾಯಿತು ಅವರು ಹೋಗಿ.
ಅದೇ ಮೆಗ್ಗಾನಿನ ಚೀಟಿಯೊಂದರಲ್ಲಿ
'ಬಚ್ಚಲಲ್ಲಿ ಜಾರಿ ಬಿದ್ದದ್ದು' ಎಂದು ಬರೆಸಿದವಳು ನಾನೇ,
ಅಚ್ಚ ಕನ್ನಡದಲ್ಲಿ, ಯಾವ ದುಭಾಷಿಯೂ ಬೇಕಿರಲಿಲ್ಲ.

ಖಾಲಿ ಬಿಡಲೇ?
ಕಂಪ್ಯೂಟರ್ ತಗೊಳ್ಳಲ್ಲ ಮೇಡಂ.
ಕೋಂ ಹೊಡೆದು ಬಿನ್ ಮಾಡಲೇ?
ಮಾಡಿ. ಅಪ್ಪನ ಹೆಸರು ಬರೆಯಿರಿ.
ಕೂಗಿ ಹೇಳಿದ್ದ ಹೆಸರನ್ನು ಅರವತ್ತರಲ್ಲಿ
ಗುಂಡಗೆ ಬರೆದೆ.

ಆ ರಾತ್ರಿ ಬೀದಿಯಲ್ಲಿ ದೊಣ್ಣೆಯ ಸದ್ದಿಲ್ಲ.
ಬೆಳಿಗ್ಗೆ ಹಾಲಿನ ಬೂತಿನಲ್ಲಿ ಮಾತು:
ಪಾಪ, ಒಳ್ಳೇ ಹುಡುಗ, ಯಾರೋ ಹೆಂಗಸರು ಸೇರಿ
ಒಳಗೆ ಹಾಕಿಸಿದರಂತೆ,
ಇನ್ನು ನಮ್ಮನ್ನು ಕಾಯೋರು ಯಾರು.

ಅರ್ಧ ಲೀಟರ್ ಸಾಕು, ಅಂದೆ.
ನನಗೂ ನಿದ್ದೆ ಬಂದಿರಲಿಲ್ಲ.